ಹೊಸ ಬಿಡಿಭಾಗ ಹಾಕಿದ ಮೇಲೆ ಕಂಪ್ಯೂಟರ್ ಕೈಕೊಟ್ಟರೆ: ತಪ್ಪು ಎಸ್‌ಎಂಪಿಎಸ್‌ನದೋ, ಬೇರೆಯದೋ?

ಹೊಸ ಗ್ರಾಫಿಕ್ಸ್ ಕಾರ್ಡ್ ಕೂರಿಸಿ ಆನ್ ಮಾಡಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಬ್ರೌಸರ್ ತೆರೆದುಕೊಳ್ಳುತ್ತದೆ, ವಿಡಿಯೊ ಓಡುತ್ತದೆ. ಗೇಮ್ ಶುರುವಾಗಿ ಹತ್ತು ನಿಮಿಷಕ್ಕೆ ಟಪ್ ಎಂದು ಪರದೆ ಆರಿಹೋಗುತ್ತದೆ. ಆಗ ಸುತ್ತಲಿನವರು ಕೊಡುವ ತೀರ್ಪು ಒಂದೇ: ‘ವ್ಯಾಟ್ ಸಾಲ್ತಿಲ್ಲ, ದೊಡ್ಡ ಎಸ್‌ಎಂಪಿಎಸ್ ಹಾಕು.’ ಎಸ್‌ಎಂಪಿಎಸ್ ಎಂದರೆ ಕಂಪ್ಯೂಟರ್‌ನ ಭಾಗಗಳಿಗೆಲ್ಲ ವಿದ್ಯುತ್ ಹಂಚುವ ಪೆಟ್ಟಿಗೆ, ಅಂದರೆ ಪವರ್ ಸಪ್ಲೈ.

ಕೆಲವು ಸಲ ಅದು ನಿಜ. ಬಹಳಷ್ಟು ಸಲ ಅರ್ಧ ನಿಜ: ಒಟ್ಟು ವ್ಯಾಟ್ ಸಾಕಷ್ಟಿದ್ದರೂ ಬೇಕಾದ ಕ್ಷಣದಲ್ಲಿ, ಬೇಕಾದ ಕೇಬಲ್‌ನಲ್ಲಿ ಅದು ಸಿಗುತ್ತಿಲ್ಲ. ಇನ್ನು ಕೆಲವು ಸಲ ಪವರ್ ಸಪ್ಲೈ ಮೇಲೆ ಸುಮ್ಮನೆ ಗೂಬೆ ಕೂರಿಸಿರುತ್ತೇವೆ. ದೋಷ ರ‍್ಯಾಮ್ ಸೆಟ್ಟಿಂಗ್‌ನಲ್ಲೋ ಹಳೆಯ ಬಯೋಸ್‌ನಲ್ಲೋ (ಮದರ್‌ಬೋರ್ಡ್‌ನಲ್ಲೇ ಇರುವ, ಯಂತ್ರವನ್ನು ಶುರುಮಾಡುವ ತಂತ್ರಾಂಶ) ಇರುತ್ತದೆ. ಹಾಗಾಗಿ ಮೊದಲು ಕೇಳಬೇಕಾದದ್ದು ‘ಎಷ್ಟು ವ್ಯಾಟ್?’ ಎಂದಲ್ಲ, ‘ಹೇಗೆ ಆರಿತು?’ ಎಂದು.

ಆರುವ ರೀತಿಯೇ ಅರ್ಧ ಉತ್ತರ

ಕಂಪ್ಯೂಟರ್ ಪೂರ್ತಿ ಸತ್ತು, ಪವರ್ ಬಟನ್ ಒತ್ತಿದರೂ ಏಳದೆ, ಎಸ್‌ಎಂಪಿಎಸ್ ಹಿಂಬದಿಯ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದ ಮೇಲಷ್ಟೇ ಜೀವ ಬರುತ್ತಿದೆಯೇ? ಹಾಗಾದರೆ ಎಸ್‌ಎಂಪಿಎಸ್ ಒಳಗಿನ ರಕ್ಷಣಾ ಸರ್ಕ್ಯೂಟ್ ತಾನಾಗಿ ವಿದ್ಯುತ್ ಕಡಿದಿದೆ. ಕರೆಂಟ್ ಅಥವಾ ಒಟ್ಟು ಹೊರೆ ಮಿತಿ ಮೀರಿದಾಗ, ಶಾರ್ಟ್ ಸರ್ಕ್ಯೂಟ್ ಆದಾಗ ಈ ಸರ್ಕ್ಯೂಟ್ ಸಾಮಾನ್ಯವಾಗಿ ಲ್ಯಾಚ್ ಆಗಿಬಿಡುತ್ತದೆ. ಮೂಲ ವಿದ್ಯುತ್ ತಪ್ಪಿಸುವವರೆಗೂ ಬಿಡುವುದಿಲ್ಲ. ಪವರ್ ಸಪ್ಲೈ ಕಡೆ ಬೆರಳು ತೋರಿಸುವ ಲಕ್ಷಣಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ. ಆದರೂ ಕಾರ್ಡ್‌ನೊಳಗೇ ಶಾರ್ಟ್ ಇದ್ದರೆ ಆರೋಗ್ಯವಾಗಿರುವ ಎಸ್‌ಎಂಪಿಎಸ್ ಕೂಡ ಹೀಗೇ ವರ್ತಿಸುತ್ತದೆ ಎಂಬುದನ್ನು ಮರೆಯಬಾರದು.

ಆರಿದ ಮರುಕ್ಷಣ ತಾನೇ ರೀಸ್ಟಾರ್ಟ್ ಆಗುತ್ತಿದ್ದರೆ ಕಥೆ ಬೇರೆ. ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡ್‌ಗೆ ‘ಪವರ್ ಗುಡ್’ ಎಂಬ ಸಂಕೇತವೊಂದು ಹೋಗುತ್ತಿರುತ್ತದೆ. 24 ಪಿನ್ ಕನೆಕ್ಟರ್‌ನ 8ನೇ ಪಿನ್ ಅದರದ್ದು. ಬಣ್ಣದ ತಂತಿಗಳಿರುವ ಎಸ್‌ಎಂಪಿಎಸ್‌ಗಳಲ್ಲಿ ಬೂದು ತಂತಿ. ವೋಲ್ಟೇಜ್ ಕುಸಿದು ಈ ಸಂಕೇತ ಕ್ಷಣಕಾಲ ಬಿದ್ದರೂ ಮದರ್‌ಬೋರ್ಡ್ ರೀಸೆಟ್ ಆಗುತ್ತದೆ. ಪ್ರೊಸೆಸರ್‌ನೊಳಗೆ ಸರಿಪಡಿಸಲಾಗದ ದೋಷ ಕಂಡಾಗಲೂ ಇದೇ ರೀತಿ ರೀಸ್ಟಾರ್ಟ್ ಆಗಬಹುದು. ಆದ್ದರಿಂದ ಇಲ್ಲಿ ಅನುಮಾನ ಇಬ್ಬರ ಮೇಲೂ ಇರಬೇಕು.

ಪರದೆ ಕಪ್ಪಾಗಿ, ಕಾರ್ಡ್‌ನ ಫ್ಯಾನ್‌ಗಳು ಏಕಾಏಕಿ ಪೂರ್ತಿ ವೇಗದಲ್ಲಿ ಕೂಗಲು ಶುರುಮಾಡಿ, ಗೇಮ್‌ನ ಶಬ್ದ ಮಾತ್ರ ಇನ್ನೂ ಕೇಳುತ್ತಿದ್ದರೆ ಗ್ರಾಫಿಕ್ಸ್ ಕಾರ್ಡ್ ಒಂದೇ ಸಂಪರ್ಕ ಕಳಚಿಕೊಂಡಿದೆ ಎಂದರ್ಥ. ಕಾರ್ಡ್‌ನ ಪವರ್ ಕೇಬಲ್, ಸ್ಲಾಟ್, ರೈಸರ್ ಕೇಬಲ್ (ಕಾರ್ಡನ್ನು ಸ್ಲಾಟ್‌ನಿಂದ ದೂರ ನಿಲ್ಲಿಸಲು ಬಳಸುವ ಕೇಬಲ್), ಕೊನೆಗೆ ಕಾರ್ಡ್ ಹೀಗೆ ಹುಡುಕುತ್ತ ಹೋಗಬೇಕು. ನೀಲಿ ಪರದೆ ಬಂದರೆ ಒಂದು ಲೆಕ್ಕದಲ್ಲಿ ಒಳ್ಳೆಯ ಸುದ್ದಿ: ದೋಷವನ್ನು ಬರೆದಿಡುವಷ್ಟು ಹೊತ್ತಾದರೂ ಯಂತ್ರ ಬದುಕಿತ್ತು. ಆಗ ರ‍್ಯಾಮ್, ಡ್ರೈವರ್, ಪ್ರೊಸೆಸರ್ ಮೇಲೆ ಹೆಚ್ಚು ಅನುಮಾನ. ಗೇಮ್ ಮಾತ್ರ ಮುಚ್ಚಿಕೊಂಡು ಡೆಸ್ಕ್‌ಟಾಪ್‌ಗೆ ಬಂದು ಬೀಳುತ್ತಿದ್ದರೆ ಎಸ್‌ಎಂಪಿಎಸ್‌ನ ಹೆಸರೆತ್ತುವ ಅಗತ್ಯ ಬಹುತೇಕ ಇರುವುದಿಲ್ಲ.

ದಾಖಲೆ ಏನು ಹೇಳುತ್ತದೆ

ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು, ‘ವಿಂಡೋಸ್ ಲಾಗ್ಸ್’ ಅಡಿಯಲ್ಲಿ ‘ಸಿಸ್ಟಮ್’ ನೋಡಿದರೆ ‘ಕರ್ನಲ್-ಪವರ್ 41’ ಎಂಬ ಕೆಂಪು ಗುರುತಿನ ನಮೂದು ಸಿಗುತ್ತದೆ. ಅದರಲ್ಲಿರುವ ‘ಪವರ್’ ಎಂಬ ಪದವನ್ನೇ ಹಿಡಿದುಕೊಂಡು ಎಸ್‌ಎಂಪಿಎಸ್ ಬದಲಿಸಿದವರಿಗೆ ಲೆಕ್ಕವಿಲ್ಲ. ಆ ನಮೂದು ಹೇಳುವುದು ಇಷ್ಟೇ: ಹಿಂದಿನ ಸಲ ಕಂಪ್ಯೂಟರ್ ಕ್ರಮಬದ್ಧವಾಗಿ ಶಟ್‌ಡೌನ್ ಆಗಿರಲಿಲ್ಲ. ಪವರ್ ಬಟನ್ ಒತ್ತಿ ಹಿಡಿದು ಆರಿಸಿದರೂ ಅದೇ ನಮೂದು ಬರುತ್ತದೆ.

ನೋಡಬೇಕಾದದ್ದು ಅದರ ‘ಡೀಟೇಲ್ಸ್’ ಭಾಗದಲ್ಲಿರುವ ಬಗ್‌ಚೆಕ್‌ಕೋಡ್. ಅಲ್ಲಿ 0 ಇದ್ದರೆ ನೀಲಿ ಪರದೆ ದಾಖಲಾಗಿಲ್ಲ. ವಿದ್ಯುತ್ ಕಡಿದಿದೆ, ಇಲ್ಲವೇ ಯಂತ್ರ ಏನನ್ನೂ ಬರೆಯಲಾಗದಂತೆ ಹ್ಯಾಂಗ್ ಆಗಿದೆ. ಬೇರೆ ಅಂಕಿ ಇದ್ದರೆ ಅದು ದಶಮಾನದಲ್ಲಿ ಬರೆದ ದೋಷಸಂಖ್ಯೆ. 26 ಎಂದರೆ ಮೆಮೊರಿ ನಿರ್ವಹಣೆಯ ದೋಷ. 278 ಎಂದರೆ ಗ್ರಾಫಿಕ್ಸ್ ಡ್ರೈವರ್ ಸಮಯಕ್ಕೆ ಉತ್ತರ ಕೊಡಲಿಲ್ಲ, ಮರಳಿ ಏಳಿಸುವ ಪ್ರಯತ್ನವೂ ಫಲಿಸಲಿಲ್ಲ. 292 ಎಂದರೆ ಹಾರ್ಡ್‌ವೇರ್ ತಾನೇ ವರದಿ ಮಾಡಿದ ಸರಿಪಡಿಸಲಾಗದ ದೋಷ.

ಅದೇ ಪಟ್ಟಿಯಲ್ಲಿ ‘ವ್ಹಿಯಾ-ಲಾಗರ್’ (ಹಾರ್ಡ್‌ವೇರ್ ದೋಷಗಳನ್ನು ದಾಖಲಿಸುವ ವಿಂಡೋಸ್ ಭಾಗ) ನಮೂದುಗಳಿವೆಯೇ ಎಂದೂ ನೋಡಿ. 17ನೇ ಸಂಖ್ಯೆಯವು ರಾಶಿರಾಶಿಯಾಗಿ ಬರುತ್ತಿದ್ದು, ಒಳಗೆ ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡ್ ಕೂರುವ ಸ್ಲಾಟ್‌ನ ಸಂಪರ್ಕ) ಎಂದಿದ್ದರೆ ಸ್ಲಾಟ್ ಅಥವಾ ರೈಸರ್‌ನಲ್ಲಿ ಸಂಕೇತ ಸರಿಯಾಗಿ ಹರಿಯುತ್ತಿಲ್ಲ. 18 ಬಂದರೆ ಪ್ರೊಸೆಸರ್, ಅದರ ವೋಲ್ಟೇಜ್, ರ‍್ಯಾಮ್ ವೇಗ ಇವುಗಳಿಂದ ಶುರುಮಾಡಿ. ‘ಡಿಸ್‌ಪ್ಲೇ 4101’ ಎಂದರೆ ಗ್ರಾಫಿಕ್ಸ್ ಡ್ರೈವರ್ ನಿಂತು ಮತ್ತೆ ಚೇತರಿಸಿಕೊಂಡಿದೆ. ವಿಂಡೋಸ್ ಇದಕ್ಕೆ ಸಾಮಾನ್ಯವಾಗಿ ಕೊಡುವ ಗಡುವು 2 ಸೆಕೆಂಡ್. ಲಿನಕ್ಸ್ ಬಳಸುವವರು ಹಿಂದಿನ ಬೂಟ್‌ನ ಕರ್ನಲ್ ಲಾಗ್ ತೆಗೆದು ನೋಡಬೇಕು. ಎನ್‌ವಿಡಿಯಾ ಕಾರ್ಡ್ ಇದ್ದು ಎಕ್ಸ್‌ಐಡಿ (ಎನ್‌ವಿಡಿಯಾ ಡ್ರೈವರ್‌ನ ದೋಷಸಂಖ್ಯೆ) 79 ಕಂಡರೆ ಕಾರ್ಡ್ ಬಸ್‌ನಿಂದಲೇ ಕಳಚಿಬಿದ್ದಿದೆ. ಪವರ್ ಮತ್ತು ಸಂಪರ್ಕ ಎರಡನ್ನೂ ಪರೀಕ್ಷಿಸಬೇಕು.

ಇದಕ್ಕೆಲ್ಲ ಮುಂಚೆ ಸಿಸ್ಟಮ್ ಪ್ರಾಪರ್ಟೀಸ್‌ನ ‘ಸ್ಟಾರ್ಟಪ್ ಆಂಡ್ ರಿಕವರಿ’ಯಲ್ಲಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಗುರುತು ತೆಗೆದುಬಿಡಿ. ಇಲ್ಲದಿದ್ದರೆ ನೀಲಿ ಪರದೆ ಕಣ್ಣಿಗೆ ಬೀಳುವ ಮೊದಲೇ ಮಾಯವಾಗಿ, ವಿದ್ಯುತ್ ಕಡಿದಂತೆಯೇ ಕಾಣುತ್ತದೆ.

ಎಸ್‌ಎಂಪಿಎಸ್ ಬದಲಿಸುವ ಮುನ್ನ

ಬಯೋಸ್‌ಗೆ ಹೋಗಿ ಎಲ್ಲವನ್ನೂ ಡೀಫಾಲ್ಟ್‌ಗೆ ತನ್ನಿ. ಓವರ್‌ಕ್ಲಾಕ್ (ವೇಗ ಏರಿಸುವುದು), ಅಂಡರ್‌ವೋಲ್ಟ್ (ವೋಲ್ಟೇಜ್ ಇಳಿಸುವುದು), ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಮೆಮೊರಿಯನ್ನು ಪೊಟ್ಟಣದ ಮೇಲಿನ ಹೆಚ್ಚಿನ ವೇಗಕ್ಕೆ ಏರಿಸುವ ಸೆಟ್ಟಿಂಗ್) ಯಾವುದೂ ಬೇಡ. ರ‍್ಯಾಮ್ ಪೊಟ್ಟಣದ ಮೇಲೆ ಬರೆದಿರುವ ವೇಗ ಆ ಎರಡು ಕಡ್ಡಿಗಳ ಕಿಟ್‌ಗೆ ಮಾತ್ರ ಅನ್ವಯ. ಅದೇ ಮಾದರಿಯ ಇನ್ನೊಂದು ಕಿಟ್ ತಂದು ನಾಲ್ಕು ಕಡ್ಡಿ ಮಾಡಿದರೆ ಆ ವೇಗದಲ್ಲಿ ಓಡಲೇಬೇಕು ಎಂದೇನಿಲ್ಲ. ಡಿಡಿಆರ್5ನಲ್ಲಿ ನಾಲ್ಕು ಕಡ್ಡಿಗಳಿದ್ದಾಗ ಪ್ರೊಸೆಸರ್ ತಯಾರಕರು ಖಾತರಿ ಕೊಡುವ ವೇಗವೇ ಎರಡು ಕಡ್ಡಿಗಳಿಗಿಂತ ಬಹಳ ಕಡಿಮೆ. ರ‍್ಯಾಮ್ ಹೆಚ್ಚಿಸಿದ ಮೇಲೆ ಶುರುವಾದ ತೊಂದರೆಗೆ ಎಸ್‌ಎಂಪಿಎಸ್ ಬದಲಿಸುವುದು ಹಲ್ಲುನೋವಿಗೆ ಕಾಲಿಗೆ ಪಟ್ಟಿ ಕಟ್ಟಿದಂತೆ.

ಎರಡೇ ಕಡ್ಡಿ ಇದ್ದರೆ ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ 2ನೇ ಮತ್ತು 4ನೇ ಸ್ಲಾಟ್‌ಗೆ ಹಾಕಬೇಕು. ಡೀಫಾಲ್ಟ್ ವೇಗದಲ್ಲಿಟ್ಟು ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ದೋಷ ಬಂದರೂ ‘ಒಂದೇ ತಾನೆ’ ಎಂದು ಬಿಡುವಂತಿಲ್ಲ. ಸರಿಯಿರುವ ರ‍್ಯಾಮ್‌ನಲ್ಲಿ ಬರಬೇಕಾದದ್ದು ಸೊನ್ನೆ. ಹೊಸ ಡಿಡಿಆರ್5 ಹಾಕಿದ ಮೊದಲ ಬೂಟ್‌ನಲ್ಲಿ ಹಲವು ನಿಮಿಷ ಪರದೆ ಕಪ್ಪಾಗಿಯೇ ಇರುವುದುಂಟು. ಬೋರ್ಡ್ ಆಗ ಮೆಮೊರಿಯ ಸಮಯಗಳನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ಆರಿಸಿದರೆ ಮತ್ತೆ ಮೊದಲಿನಿಂದ ಶುರು.

ಪ್ರೊಸೆಸರ್ ಬದಲಿಸಿದ್ದರೆ ಬಯೋಸ್ ಆವೃತ್ತಿ ಅದನ್ನು ಬೆಂಬಲಿಸುತ್ತದೆಯೇ ಎಂದು ಬೋರ್ಡ್ ತಯಾರಕರ ಪಟ್ಟಿಯಲ್ಲಿ ನೋಡಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳ ವಿಷಯದಲ್ಲಂತೂ ಇದು ಕಡ್ಡಾಯ. ಬೇಡಿಕೆ ಮೀರಿದ ವೋಲ್ಟೇಜ್‌ನಿಂದ ಚಿಪ್‌ಗಳು ನಿಧಾನವಾಗಿ ಹಾಳಾಗುತ್ತಿದ್ದುದನ್ನು ಕಂಪನಿ 2024ರಲ್ಲಿ ಒಪ್ಪಿಕೊಂಡು, ಹೊಸ ಮೈಕ್ರೋಕೋಡ್ (ಬಯೋಸ್ ಜೊತೆ ಬರುವ, ಪ್ರೊಸೆಸರ್‌ನ ಒಳ ತಂತ್ರಾಂಶ) ಹೊರಡಿಸಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ಚಿಪ್‌ಗಳಲ್ಲಿ ಗೇಮ್ ತೆರೆಯುವಾಗ ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ಬಂದು ಜನ ಗ್ರಾಫಿಕ್ಸ್ ಕಾರ್ಡನ್ನೇ ದೂರಿದ್ದರು, ಕೆಟ್ಟದ್ದು ಪ್ರೊಸೆಸರ್. ಮೈಕ್ರೋಕೋಡ್ ಮುಂದಿನ ಹಾನಿ ತಡೆಯಲು ಮಾತ್ರ, ಈಗಾಗಲೇ ಕೆಟ್ಟ ಚಿಪ್ ಅದರಿಂದ ಸರಿಹೋಗುವುದಿಲ್ಲ.

ಕಾರ್ಡ್ ಬದಲಿಸಿದ್ದರೆ, ಅದರಲ್ಲೂ ಎಎಂಡಿಯಿಂದ ಎನ್‌ವಿಡಿಯಾಗೋ ಅಲ್ಲಿಂದ ಇಲ್ಲಿಗೋ ಹಾರಿದ್ದರೆ, ಸೇಫ್ ಮೋಡ್‌ನಲ್ಲಿ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಬಳಸಿ ಹಳೆಯ ಡ್ರೈವರ್ ತೊಳೆದು ಹೊಸದನ್ನು ಹಾಕಿ. ಕಾರ್ಡನ್ನು ರೈಸರ್ ಕೇಬಲ್ ಮೂಲಕ ನಿಲ್ಲಿಸಿದ್ದರೆ ಒಮ್ಮೆ ನೇರವಾಗಿ ಸ್ಲಾಟ್‌ಗೆ ಹಾಕಿ ನೋಡಿ. ಪಿಸಿಐ ಎಕ್ಸ್‌ಪ್ರೆಸ್‌ನ 3ನೇ ತಲೆಮಾರಿಗೆ (ಜೆನ್ 3) ಮಾಡಿದ ರೈಸರ್‌ನಲ್ಲಿ ಜೆನ್ 4 ಕಾರ್ಡ್ ಹಾಕಿದರೆ ಬೂಟ್ ಆಗಿ, ಹೊರೆ ಬಿದ್ದಾಗ ಕಪ್ಪು ಪರದೆ ಬರುವುದು ಮಾಮೂಲು. ಬಯೋಸ್‌ನಲ್ಲಿ ಸ್ಲಾಟ್ ವೇಗವನ್ನು ಜೆನ್ 3ಕ್ಕೆ ಇಳಿಸಿದರೆ ನಿಲ್ಲುತ್ತದೆ. ಬೋರ್ಡನ್ನೇ ಬದಲಿಸಿದ್ದರೆ ಕ್ಯಾಬಿನೆಟ್‌ನಲ್ಲಿ ಬೇಡದ ಜಾಗದಲ್ಲಿ ಉಳಿದುಹೋದ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತರಿಸಿ ಹಿಡಿಯುವ ಲೋಹದ ತಿರುಪು) ಬೋರ್ಡ್‌ನ ಹಿಂಬದಿಗೆ ತಾಗುತ್ತಿದೆಯೇ, ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ಎಂದು ನೋಡಿ. ನಗು ಬರಬಹುದು, ಆದರೆ ಈ ಎರಡೂ ಇಂದಿಗೂ ನಡೆಯುವ ಎಡವಟ್ಟುಗಳೇ.

ಕೇಬಲ್‌ಗಳು

ಇಲ್ಲಿ ಆಗುವ ತಪ್ಪು ಕಂಪ್ಯೂಟರ್ ಆರಿಸುವುದಷ್ಟೇ ಅಲ್ಲ, ಸುಡಲೂಬಹುದು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ 75 ವ್ಯಾಟ್, 6 ಪಿನ್ ಕನೆಕ್ಟರ್ 75, 8 ಪಿನ್ 150 ವ್ಯಾಟ್ ಕೊಡಬೇಕೆಂದು ನಿಯಮ. ಎಸ್‌ಎಂಪಿಎಸ್‌ನಿಂದ ಹೊರಟ ಒಂದೇ ಕೇಬಲ್ ತುದಿಯಲ್ಲಿ ಎರಡು 8 ಪಿನ್ ತಲೆಗಳಿರುವುದು ಸಾಮಾನ್ಯ. 200 ವ್ಯಾಟ್‌ನ ಕಾರ್ಡ್‌ಗೆ ಅದು ನಡೆಯುತ್ತದೆ. 300 ದಾಟಿದ ಕಾರ್ಡ್‌ನ ಎರಡೂ ಸಾಕೆಟ್‌ಗೆ ಅದೇ ಒಂದು ಕೇಬಲ್ ಸಿಕ್ಕಿಸಿದರೆ ಅಷ್ಟೂ ಕರೆಂಟ್ ಅದೇ ತಂತಿಗಳಲ್ಲಿ ಹರಿದು ವೋಲ್ಟೇಜ್ ಇಳಿಯುತ್ತದೆ, ಕನೆಕ್ಟರ್ ಬಿಸಿಯಾಗುತ್ತದೆ. ಪ್ರತಿ ಸಾಕೆಟ್‌ಗೂ ಎಸ್‌ಎಂಪಿಎಸ್‌ನಿಂದಲೇ ಬೇರೆ ಕೇಬಲ್ ಎಳೆಯಿರಿ. ಬರೀ ಇಷ್ಟರಿಂದಲೇ ಎಷ್ಟೋ ಕಂಪ್ಯೂಟರ್‌ಗಳು ಸರಿಹೋಗಿವೆ.

ಡಿಸ್ಕ್‌ಗಳಿಗೆ ವಿದ್ಯುತ್ ಕೊಡುವ ಸಾಟಾ ಕನೆಕ್ಟರ್‌ನಿಂದ 6 ಪಿನ್‌ಗೆ ಬದಲಿಸಿಕೊಡುವ ಅಡಾಪ್ಟರ್ ಪೊಟ್ಟಣದಲ್ಲೇ ಬಂದಿದ್ದರೂ ಬಳಸಬೇಡಿ. ಸಾಟಾದಲ್ಲಿ 12 ವೋಲ್ಟ್‌ಗೆ ಇರುವುದು ಮೂರು ಪಿನ್, ಪ್ರತಿಯೊಂದಕ್ಕೂ 1.5 ಆಂಪಿಯರ್, ಒಟ್ಟು 54 ವ್ಯಾಟ್. ಅದರಿಂದ 75 ವ್ಯಾಟ್ ಎಳೆಯಲು ಹೋದರೆ ಪ್ಲಾಸ್ಟಿಕ್ ಕರಗುತ್ತದೆ.

ಇನ್ನೊಂದು ಅಪಾಯ ಮಾಡ್ಯುಲರ್, ಅಂದರೆ ಕೇಬಲ್‌ಗಳನ್ನು ಕಳಚಿ ಹಾಕಬಹುದಾದ ಎಸ್‌ಎಂಪಿಎಸ್‌ನದು. ಎಸ್‌ಎಂಪಿಎಸ್ ಬದಲಿಸುವಾಗ ‘ಕೇಬಲ್‌ಗಳು ಹೇಗೂ ಅಚ್ಚುಕಟ್ಟಾಗಿ ಕಟ್ಟಿವೆ, ಅವನ್ನೇ ಬಿಡೋಣ’ ಎನ್ನಿಸುತ್ತದೆ. ಬಿಡಬೇಡಿ. ಬೋರ್ಡ್ ಕಡೆಯ ತುದಿಗೆ ಪ್ರಮಾಣಿತ ವಿನ್ಯಾಸವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಪಿನ್ ಕ್ರಮ ಬೇರೆ ಇರಬಹುದು. ಆಕಾರ ಹೊಂದಿ ಸಲೀಸಾಗಿ ಸಿಕ್ಕಿಕೊಂಡು, 5 ವೋಲ್ಟ್ ಹೋಗಬೇಕಾದಲ್ಲಿ 12 ಹೋದರೆ ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿ ಡೇಟಾ ಸಮೇತ ಸುಟ್ಟುಹೋಗುತ್ತವೆ.

2022ರಲ್ಲಿ ಬಂದ 16 ಪಿನ್‌ನ 12ವಿಎಚ್‌ಪಿಡಬ್ಲ್ಯುಆರ್ ಕನೆಕ್ಟರ್ ಒಂದರಿಂದಲೇ 600 ವ್ಯಾಟ್‌ವರೆಗೆ ಹರಿಸಬಹುದು. ಪೂರ್ತಿ ಒಳಗೆ ಕೂರದಿದ್ದರೆ ಕೆಲವೇ ಪಿನ್‌ಗಳು ಹೊರೆ ಹೊತ್ತು ಕರಗಿದ ಪ್ರಕರಣಗಳು ಆರ್‌ಟಿಎಕ್ಸ್ 4090 ಕಾರ್ಡ್‌ಗಳಲ್ಲಿ ಸುದ್ದಿಯಾದವು. ಮರುವರ್ಷ ಬಂದ 12ವಿ-2×6 ರೂಪದಲ್ಲಿ ನಾಲ್ಕು ಸಣ್ಣ ಸೆನ್ಸ್ ಪಿನ್‌ಗಳನ್ನು ಗಿಡ್ಡ ಮಾಡಿದ್ದಾರೆ. ಪ್ಲಗ್ ಸಡಿಲವಾಗಿದ್ದರೆ ಅವು ತಾಗುವುದಿಲ್ಲ, ಕಾರ್ಡ್ ಹೆಚ್ಚು ವಿದ್ಯುತ್ ಎಳೆಯುವುದಿಲ್ಲ. ಯಾವುದೇ ರೂಪವಿರಲಿ, ಪ್ಲಗ್ ಮತ್ತು ಸಾಕೆಟ್ ನಡುವೆ ಸಂದು ಕಾಣಬಾರದು. ಕೇಬಲನ್ನು ಕನೆಕ್ಟರ್‌ನ ಬುಡದಲ್ಲೇ ಮಡಚದೆ ಮೂರೂವರೆ ಸೆಂಟಿಮೀಟರ್ ನೇರ ಬಿಟ್ಟು ಆಮೇಲೆ ಬಗ್ಗಿಸಬೇಕು. ಕ್ಯಾಬಿನೆಟ್‌ನ ಗಾಜಿನ ಬಾಗಿಲು ಕೇಬಲನ್ನು ಒತ್ತುತ್ತಿದ್ದರೆ ಆ ಬಾಗಿಲು ತೆಗೆದಿಡುವುದೇ ಲೇಸು.

ಸರಾಸರಿ ಅಲ್ಲ, ಶಿಖರ

320 ವ್ಯಾಟ್ ಎಂದು ಬರೆದ ಕಾರ್ಡ್ ಸದಾ 320 ಎಳೆಯುವುದಿಲ್ಲ. ಅದು ಸರಾಸರಿ. ದೃಶ್ಯ ಬದಲಾದ ಕ್ಷಣ ಚಿಪ್‌ನ ಸಾವಿರಾರು ಘಟಕಗಳು ಒಟ್ಟಿಗೆ ಎಚ್ಚೆತ್ತು, ಬೇಡಿಕೆ ಮೈಕ್ರೋಸೆಕೆಂಡ್‌ಗಳ ಕಾಲ ಎರಡು ಪಟ್ಟೋ ಹೆಚ್ಚೋ ಏರಿ ಇಳಿಯುತ್ತದೆ. ಎಸ್‌ಎಂಪಿಎಸ್‌ನ ಕೆಪಾಸಿಟರ್‌ಗಳು ಈ ಏರಿಳಿತವನ್ನು ಹೀರಿಕೊಳ್ಳಬೇಕು, ರಕ್ಷಣಾ ಸರ್ಕ್ಯೂಟ್ ಅದನ್ನು ಶಾರ್ಟ್ ಎಂದು ತಪ್ಪು ತಿಳಿಯಬಾರದು. 2020ರಲ್ಲಿ ಆರ್‌ಟಿಎಕ್ಸ್ 3080, 3090 ಬಂದಾಗ ಲೆಕ್ಕದ ಪ್ರಕಾರ ಧಾರಾಳವಾಗಿದ್ದ ಒಳ್ಳೆಯ ಎಸ್‌ಎಂಪಿಎಸ್‌ಗಳೂ ಆರಿಹೋದದ್ದು ಇದೇ ಕಾರಣಕ್ಕೆ.

ಇಂಟೆಲ್ 2022ರಲ್ಲಿ ಹೊರಡಿಸಿದ ಎಟಿಎಕ್ಸ್ 3.0 ಮಾರ್ಗಸೂಚಿ ಈ ಶಿಖರಗಳನ್ನು ನೇರವಾಗಿ ಲೆಕ್ಕಕ್ಕೆ ತೆಗೆದುಕೊಂಡಿತು. 16 ಪಿನ್ ಕನೆಕ್ಟರ್ ಇರುವ, 450 ವ್ಯಾಟ್ ಮೀರಿದ ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಶೇ. 200ರಷ್ಟು ಹೊರೆಯನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು. ಆದ್ದರಿಂದ ಹಳೆಯ ವಿನ್ಯಾಸದ 850ಕ್ಕಿಂತ 3.0 ಅಥವಾ 3.1 ಪಾಲಿಸುವ 750 ಎಷ್ಟೋ ಸಲ ಹೆಚ್ಚು ನಿಶ್ಚಿಂತೆ ಕೊಡುತ್ತದೆ.

ಶಿಖರವೇ ಕಾರಣವೇ ಎಂದು ಖಾತ್ರಿಪಡಿಸಿಕೊಳ್ಳಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ ಕಾರ್ಡ್‌ನ ಪವರ್ ಲಿಮಿಟ್ ಅನ್ನು ಶೇ. 70ಕ್ಕೆ ಇಳಿಸಿ, ಗೇಮ್‌ನ ಫ್ರೇಮ್ ದರವನ್ನು 60ಕ್ಕೆ ಕಟ್ಟಿಹಾಕಿ. ಹತ್ತು ನಿಮಿಷಕ್ಕೆ ಆರುತ್ತಿದ್ದದ್ದು ಈಗ ಎರಡು ಮೂರು ಗಂಟೆ ಓಡಿದರೆ ದೋಷ ವಿದ್ಯುತ್ ಹರಿಯುವ ದಾರಿಯಲ್ಲಿದೆ: ಎಸ್‌ಎಂಪಿಎಸ್, ಕೇಬಲ್, ಕಾರ್ಡ್‌ನ ಪವರ್ ಸರ್ಕ್ಯೂಟ್ ಈ ಮೂರರಲ್ಲಿ ಒಂದು. ಏನೂ ವ್ಯತ್ಯಾಸವಾಗದಿದ್ದರೆ ರ‍್ಯಾಮ್ ಮತ್ತು ಡ್ರೈವರ್ ಕಡೆಗೆ ವಾಪಸಾಗಿ.

ಇನ್ನೊಂದು ದಾರಿ ಹೊರೆಯನ್ನು ಬಿಡಿಸಿ ನೋಡುವುದು. ಪ್ರೈಮ್95ರ ಸ್ಮಾಲ್ ಎಫ್‌ಎಫ್‌ಟಿ ಪ್ರೊಸೆಸರ್ ಒಂದನ್ನೇ ಬೆವರಿಳಿಸುತ್ತದೆ. ಫರ್‌ಮಾರ್ಕ್ ಕಾರ್ಡ್ ಒಂದನ್ನೇ. ಎರಡೂ ಬೇರೆಬೇರೆಯಾಗಿ ಅರ್ಧ ಗಂಟೆ ಓಡಿ, ಒಟ್ಟಿಗೆ ಓಡಿಸಿದಾಗ ಮಾತ್ರ ಆರಿದರೆ ಒಟ್ಟು ಸಾಮರ್ಥ್ಯದ ಮೇಲೆ ಅನುಮಾನ. ಆದರೆ ಫರ್‌ಮಾರ್ಕ್‌ನಲ್ಲಿ ಪಾಸಾದ ಮಾತ್ರಕ್ಕೆ ಎಸ್‌ಎಂಪಿಎಸ್ ನಿರಪರಾಧಿ ಎನ್ನಲಾಗದು. ಅದರ ಹೊರೆ ಏಕಪ್ರಕಾರದ್ದು. ಏರಿಳಿತ ಇರುವುದು ಗೇಮ್‌ಗಳಲ್ಲಿ. ಓಸಿಸಿಟಿ ಎಂಬ ಪರೀಕ್ಷಾ ತಂತ್ರಾಂಶದಲ್ಲಿ ಹೊರೆಯನ್ನು ಬೇಕೆಂದೇ ಏರಿಳಿಸುವ ಆಯ್ಕೆಯಿದೆ, ಅದು ಹೆಚ್ಚು ಉಪಯುಕ್ತ.

ಮಲ್ಟಿಮೀಟರ್ ಇದ್ದರೆ ಹೊರೆ ಇರುವಾಗಲೇ ಖಾಲಿ ಮೋಲೆಕ್ಸ್ (ನಾಲ್ಕು ಪಿನ್‌ನ ಹಳೆಯ ಮಾದರಿಯ) ಕನೆಕ್ಟರ್‌ನಲ್ಲಿ ಅಳೆಯಿರಿ. ನಡುವಿನ ಎರಡು ಪಿನ್ ಗ್ರೌಂಡ್, ತುದಿಯ ಎರಡರಲ್ಲಿ ಒಂದು 12, ಇನ್ನೊಂದು 5. ಸಾಂಪ್ರದಾಯಿಕ ಮಿತಿ ಶೇ. 5: 12 ವೋಲ್ಟ್ ಎಂಬುದು 11.40ರಿಂದ 12.60ರ ಒಳಗೆ, 5 ಎಂಬುದು 4.75ರಿಂದ 5.25ರ ಒಳಗೆ ಇರಬೇಕು. ಸುಮ್ಮನಿದ್ದಾಗ 12.1 ಇದ್ದದ್ದು ಹೊರೆ ಬಿದ್ದಾಗ 11.5ಕ್ಕೆ ಜಾರುತ್ತಿದ್ದರೆ ಮಿತಿಯೊಳಗಿದ್ದರೂ ಲಕ್ಷಣ ಒಳ್ಳೆಯದಲ್ಲ. ಮಲ್ಟಿಮೀಟರ್‌ಗೆ ನಿಧಾನದ ಕುಸಿತ ಮಾತ್ರ ಕಾಣುತ್ತದೆ; ಮೈಕ್ರೋಸೆಕೆಂಡ್‌ಗಳ ಕುಸಿತಗಳನ್ನು ನೋಡಲು ಆಸಿಲೋಸ್ಕೋಪ್ ಬೇಕು. ಸಾಫ್ಟ್‌ವೇರ್ ತೋರಿಸುವ 12 ವೋಲ್ಟ್ ಅಂಕಿಯನ್ನಂತೂ ಮದರ್‌ಬೋರ್ಡ್‌ನ ಸೆನ್ಸರ್ ಮನಸ್ಸಿಗೆ ಬಂದಂತೆ ಹೇಳುತ್ತಿರುತ್ತದೆ, ಅದನ್ನು ನಂಬಿ ತೀರ್ಮಾನಕ್ಕೆ ಬರಬೇಡಿ. ಹಸಿರು ಮತ್ತು ಕಪ್ಪು ತಂತಿಗಳನ್ನು ಪೇಪರ್ ಕ್ಲಿಪ್‌ನಿಂದ ಜೋಡಿಸಿ ಫ್ಯಾನ್ ತಿರುಗಿಸುವ ಜನಪ್ರಿಯ ಪರೀಕ್ಷೆಯಿಂದ ಎಸ್‌ಎಂಪಿಎಸ್ ಆನ್ ಆಗುತ್ತದೆ ಎಂಬುದಷ್ಟೇ ಗೊತ್ತಾಗುತ್ತದೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲು ಹೋಗಬೇಡಿ: ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 400 ವೋಲ್ಟ್‌ನ ಆಸುಪಾಸು ಉಳಿದಿರಬಹುದು.

ಇಷ್ಟಾದ ಮೇಲೂ ಗೊಂದಲವಿದ್ದರೆ ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ಅನ್ನು, ಅದರದ್ದೇ ಕೇಬಲ್‌ಗಳೊಂದಿಗೆ, ತಾತ್ಕಾಲಿಕವಾಗಿ ಹಾಕಿ ನೋಡುವುದೇ ಕೊನೆಯ ಪ್ರಮಾಣ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಸ್‌ಎಂಪಿಎಸ್, ರ‍್ಯಾಮ್, ಡ್ರೈವರ್ ಮೂರನ್ನೂ ಒಟ್ಟಿಗೆ ಬದಲಿಸಿ ಸರಿಹೋದರೆ ಕೆಟ್ಟದ್ದು ಯಾವುದು ಎಂದು ತಿಳಿಯುವುದೇ ಇಲ್ಲ.

ಹೊಸದನ್ನು ಆರಿಸುವಾಗ

ಲೆಕ್ಕ ಸುಲಭ, ಆದರೆ ಸರಿಯಾದ ಅಂಕಿ ಹಿಡಿಯಬೇಕು. ಪ್ರೊಸೆಸರ್ ಪೆಟ್ಟಿಗೆಯ ಮೇಲಿನ ಟಿಡಿಪಿ (ಕೂಲರ್ ಹೊರಹಾಕಬೇಕಾದ ಶಾಖದ ಅಳತೆ, ವ್ಯಾಟ್‌ನಲ್ಲಿ) ಅದು ಎಳೆಯುವ ಗರಿಷ್ಠ ವಿದ್ಯುತ್ ಅಲ್ಲ. ಎಎಂಡಿಯ ಎಎಂ4, ಎಎಂ5 ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಟಿಡಿಪಿಯನ್ನು 1.35ರಿಂದ ಗುಣಿಸಬೇಕು: 65 ಎಂದಿದ್ದರೆ 88, 105 ಎಂದಿದ್ದರೆ 142, 170 ಎಂದಿದ್ದರೆ 230 ವ್ಯಾಟ್. ಇಂಟೆಲ್‌ನ ಐ9-14900ಕೆ ಮೇಲೆ 125 ಎಂದಿದ್ದರೂ ಟರ್ಬೊ ಮಿತಿ 253. ಕಾರ್ಡ್‌ಗೆ ತಯಾರಕರು ಹೇಳುವ ಬೋರ್ಡ್ ಪವರ್ ತೆಗೆದುಕೊಳ್ಳಿ. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆ ಒಟ್ಟಾಗಿ 70 ಸಾಕು. ತಿರುಗುವ ಹಾರ್ಡ್ ಡಿಸ್ಕ್‌ಗಳು ಹಲವಿದ್ದರೆ ಶುರುವಾಗುವ ಕ್ಷಣಕ್ಕೆ ತಲಾ 25 ಸೇರಿಸಿ.

ಉದಾಹರಣೆಗೆ 142 ವ್ಯಾಟ್‌ನ ಪ್ರೊಸೆಸರ್, 320ರ ಆರ್‌ಟಿಎಕ್ಸ್ 3080, ಉಳಿದದ್ದಕ್ಕೆ 70: ಒಟ್ಟು 532. ಇದು ಎಸ್‌ಎಂಪಿಎಸ್ ಸಾಮರ್ಥ್ಯದ ಶೇ. 70ರ ಆಸುಪಾಸಿನಲ್ಲಿರಲಿ; ಅಂದರೆ 750. ಎನ್‌ವಿಡಿಯಾ ಆ ಕಾರ್ಡ್‌ಗೆ ಸೂಚಿಸಿದ್ದೂ ಅದನ್ನೇ. ಇದೇ ಯಂತ್ರಕ್ಕೆ 1200 ಹಾಕಿದರೆ ಕೆಡುಕೇನಿಲ್ಲ, ಲಾಭವೂ ಇಲ್ಲ. ಒಂದು ಗೊಂದಲ ಇಲ್ಲೇ ಬಗೆಹರಿಸಿಕೊಳ್ಳಿ: ಎಸ್‌ಎಂಪಿಎಸ್ ಮೇಲಿನ ವ್ಯಾಟ್ ಅದು ಕಂಪ್ಯೂಟರ್‌ಗೆ ಕೊಡುವಷ್ಟು, ಗೋಡೆಯಿಂದ ಎಳೆಯುವಷ್ಟಲ್ಲ. ಗೋಡೆಯ ಮೀಟರ್ 500 ತೋರಿಸಿ ದಕ್ಷತೆ ಶೇ. 90 ಇದ್ದರೆ ಒಳಗಿನ ಹೊರೆ 450.

ಪೆಟ್ಟಿಗೆಯ ಮುಂಭಾಗದ ದೊಡ್ಡ ಅಂಕಿ ಬಿಟ್ಟು ಪಕ್ಕದ ಲೇಬಲ್ ಓದಿ. ಇಂದಿನ ಕಂಪ್ಯೂಟರ್ ಬಹುಪಾಲು ಬದುಕುವುದು 12 ವೋಲ್ಟ್ ಮೇಲೆ. ಒಳ್ಳೆಯ 750ರ ಲೇಬಲ್‌ನಲ್ಲಿ 12 ವೋಲ್ಟ್‌ಗೆ 62 ಆಂಪಿಯರ್ ಹತ್ತಿರ ಇರುತ್ತದೆ. ಗುಣಿಸಿದರೆ ಸರಿಸುಮಾರು 750ವೇ ಬರುತ್ತದೆ. 600 ಎಂದು ಬರೆದು 12 ವೋಲ್ಟ್‌ಗೆ 40 ಆಂಪಿಯರ್ ಮಾತ್ರ ಇದ್ದರೆ ಅದು 480ರ ಎಸ್‌ಎಂಪಿಎಸ್. ಉಳಿದದ್ದು ಯಾರಿಗೂ ಬೇಡವಾದ 5 ಮತ್ತು 3.3 ವೋಲ್ಟ್‌ಗಳಲ್ಲಿ ಕೂತಿದೆ. ಅಂಥ ಹಳೆಯ ಗ್ರೂಪ್ ರೆಗ್ಯುಲೇಟೆಡ್ (12 ಮತ್ತು 5 ವೋಲ್ಟ್‌ಗಳನ್ನು ಒಟ್ಟಿಗೇ ನಿಯಂತ್ರಿಸುವ) ವಿನ್ಯಾಸಗಳಲ್ಲಿ 12ರ ಮೇಲೆ ಹೊರೆ ಹೆಚ್ಚಾದರೆ 12 ಇಳಿದು 5 ಏರುತ್ತದೆ. 12ರಿಂದಲೇ ಉಳಿದವನ್ನು ಪ್ರತ್ಯೇಕವಾಗಿ ತಯಾರಿಸುವ ಡಿಸಿ-ಡಿಸಿ ವಿನ್ಯಾಸವನ್ನೇ ಕೇಳಿ. ‘ಪೀಕ್’ ಎಂಬ ಪದ ವ್ಯಾಟ್ ಪಕ್ಕದಲ್ಲಿ ಕಂಡರೆ ಅಲ್ಲೇ ಕೆಳಗಿಡಿ.

80 ಪ್ಲಸ್ ಬಿಲ್ಲೆಯ ವಿಷಯದಲ್ಲಿ ಜನ ಸ್ವಲ್ಪ ಹೆಚ್ಚೇ ನಂಬುತ್ತಾರೆ. 2004ರಲ್ಲಿ ಶುರುವಾದ ಈ ಯೋಜನೆ ಅಳೆಯುವುದು ದಕ್ಷತೆಯನ್ನು ಮಾತ್ರ. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಹೊರೆಗೆ ಬ್ರಾಂಜ್ ಎಂದರೆ ಶೇ. 85, ಗೋಲ್ಡ್ ಎಂದರೆ ಶೇ. 90. ಶಿಖರ ತಡೆಯುವ ಶಕ್ತಿ, ರಕ್ಷಣಾ ಸರ್ಕ್ಯೂಟ್‌ನ ಗುಣ, ವೋಲ್ಟೇಜ್ ಸ್ವಚ್ಛತೆ ಇವ್ಯಾವುದೂ ಅದರಲ್ಲಿಲ್ಲ. ಮೈಲೇಜ್ ಚೆನ್ನಾಗಿರುವ ಗಾಡಿಯ ಬ್ರೇಕೂ ಚೆನ್ನಾಗಿರಬೇಕು ಎಂದೇನಿಲ್ಲವಲ್ಲ. ಗೋಲ್ಡ್ ಮಟ್ಟ ತಲುಪಲು ಒಳಗಿನ ವಿನ್ಯಾಸ ಸಾಮಾನ್ಯವಾಗಿ ಉತ್ತಮವಾಗಿರಬೇಕಾಗುತ್ತದೆ ಎಂಬುದರಿಂದ ಅದು ಒಂದು ಸುಳಿವು, ಅಷ್ಟೇ.

ಹಾಗಾದರೆ ಯಾವುದನ್ನು ನಂಬಬೇಕು? ಆಸಿಲೋಸ್ಕೋಪ್ ಮತ್ತು ಹೊರೆ ಯಂತ್ರ ಇಟ್ಟುಕೊಂಡು ಮಾಡಿದ ವಿಮರ್ಶೆಗಳನ್ನು. ಅಂಥ ವಿಮರ್ಶೆಯಲ್ಲಿ ರಿಪಲ್ (ವೋಲ್ಟೇಜ್‌ನ ಸಣ್ಣ ಅಲುಗಾಟ) ಅಂಕಿ ನೋಡಿ: 12 ವೋಲ್ಟ್‌ನಲ್ಲಿ 120 ಮಿಲಿವೋಲ್ಟ್, 5 ಮತ್ತು 3.3ರಲ್ಲಿ 50 ಮಿತಿ. ಒಳ್ಳೆಯವು 12ರಲ್ಲಿ 30ರ ಕೆಳಗೇ ಇರುತ್ತವೆ. ಅತಿ ಕರೆಂಟ್, ಅತಿ ಹೊರೆ, ಅತಿ ಮತ್ತು ಕಡಿಮೆ ವೋಲ್ಟೇಜ್, ಶಾರ್ಟ್, ಅತಿ ಶಾಖ ಈ ಆರೂ ರಕ್ಷಣೆಗಳು ಬರೆದಿವೆಯಷ್ಟೇ ಅಲ್ಲ, ನಿಜವಾಗಿ ಕೆಲಸ ಮಾಡಿದವೇ ಎಂದು ಪರೀಕ್ಷಿಸಿರಬೇಕು. ಬ್ರ್ಯಾಂಡ್ ಹೆಸರಿಗಿಂತ ಮಾದರಿಯ ಹೆಸರು ಮುಖ್ಯ, ಏಕೆಂದರೆ ಒಂದೇ ಬ್ರ್ಯಾಂಡ್‌ನ ಉತ್ತಮ ಮತ್ತು ಅಗ್ಗದ ಮಾದರಿಗಳನ್ನು ಬೇರೆಬೇರೆ ಕಾರ್ಖಾನೆಗಳು ಮಾಡಿರುವುದು ಸಾಮಾನ್ಯ. ವಾರಂಟಿ 5 ವರ್ಷಕ್ಕಿಂತ ಕಡಿಮೆಯಿದ್ದರೆ ದೊಡ್ಡ ಕಾರ್ಡ್‌ಗೆ ಬೇಡ; 10 ವರ್ಷ ಕೊಡುವವು ಧಾರಾಳವಾಗಿವೆ.

ಹಳೆಯ ಎಸ್‌ಎಂಪಿಎಸ್ ‘ಇಷ್ಟು ವರ್ಷ ಚೆನ್ನಾಗಿಯೇ ಇತ್ತಲ್ಲ’ ಎಂಬ ವಾದಕ್ಕೂ ಮಿತಿಯಿದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗುತ್ತ ಹೋಗುತ್ತದೆ. ಶಾಖ 10 ಡಿಗ್ರಿ ಹೆಚ್ಚಾದರೆ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಅದರ ಸ್ಥೂಲ ಲೆಕ್ಕ. 85ರ ಬದಲು 105 ಡಿಗ್ರಿ ದರ್ಜೆಯವನ್ನು ಹುಡುಕುವುದು ಇದಕ್ಕೇ. 150 ವ್ಯಾಟ್‌ನ ಹಳೆಯ ಕಾರ್ಡ್‌ಗೆ ಸಾಕಾಗುತ್ತಿದ್ದ ಉಳಿಕೆ ಸಾಮರ್ಥ್ಯ 300ರದ್ದು ಬಂದಾಗ ಸಾಲುವುದಿಲ್ಲ, ಅಷ್ಟೇ.

ತರುವ ಮೊದಲು ಅಳತೆ ಹಿಡಿಯಿರಿ. ಎಟಿಎಕ್ಸ್ ಎಸ್‌ಎಂಪಿಎಸ್‌ನ ಅಗಲ 150, ಎತ್ತರ 86 ಮಿಲಿಮೀಟರ್ ಎಂದು ಗೊತ್ತುಪಡಿಸಿದೆ, ಉದ್ದ ಮಾತ್ರ 140ರಿಂದ 180ರವರೆಗೂ ಹೋಗುತ್ತದೆ. ಕೇಬಲ್ ಬಗ್ಗಲು ಇನ್ನಷ್ಟು ಜಾಗ ಬೇಕು.

ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲೆಲ್ಲ ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನು ಸಮವಾಗಿ ಎಳೆಯುವ ಸರ್ಕ್ಯೂಟ್) ಇರುತ್ತದೆ. ಕರೆಂಟ್ ಹೋದಾಗ ಚೌಕ ಅಲೆ ಅಥವಾ ಅನುಕರಿಸಿದ ಸೈನ್ ಅಲೆ ಕೊಡುವ ಅಗ್ಗದ ಯುಪಿಎಸ್ ಜೊತೆ ಕೆಲವು ಎಸ್‌ಎಂಪಿಎಸ್‌ಗಳು ಹೊಂದಿಕೊಳ್ಳದೆ ಆರಿಬಿಡುತ್ತವೆ. ಪೂರ್ತಿ ಹೊರೆಯಲ್ಲಿ ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ ತಡೆದುಕೊಳ್ಳುವುದು 12ರಿಂದ 17 ಮಿಲಿಸೆಕೆಂಡ್ ಮಾತ್ರ. ಯುಪಿಎಸ್ ಅಷ್ಟರೊಳಗೆ ಬದಲಾಗಬೇಕು. ಯುಪಿಎಸ್ ಮೇಲೆ ಬರೆದಿರುವ ವಿಎ ಅಂಕಿ ವ್ಯಾಟ್ ಅಲ್ಲ: 1000 ವಿಎ ಎಂದಿರುವುದು 600 ವ್ಯಾಟ್‌ನದ್ದಾಗಿರಬಹುದು. ಗೇಮ್ ಆಡುವಾಗ ಯುಪಿಎಸ್ ಕೀಂ ಎಂದು ಕೂಗಿದ ಕೂಡಲೇ ಕಂಪ್ಯೂಟರ್ ಆರುತ್ತಿದ್ದರೆ ಒಂದು ಸಂಜೆ ಪ್ಲಗ್ ಅನ್ನು ನೇರ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿ, ಆಮೇಲೆ ಎಸ್‌ಎಂಪಿಎಸ್ ಬದಲಿಸುವ ಯೋಚನೆ ಮಾಡಿ.